ಮನೆಯ ಧ್ವನಿಮುದ್ರಣಕ್ಕೆ ಅಗ್ಗದ ಮೈಕ್ ಸಾಕೇ?

ವಚನ ಹಾಡಿ ಮುದ್ರಿಸಲು ಅಗ್ಗದ ಮೈಕ್ ಆದೀತೇ ಎಂದು ಕೇಳಿದ್ದೀರಿ. ಆದೀತು, ಆದರೆ ಹತ್ತಿರದ ದನಿಯನ್ನೇ ಹೆಚ್ಚಾಗಿ ಹಿಡಿಯುವ ಡೈನಮಿಕ್ ಮೈಕನ್ನೇ ಕೊಳ್ಳಿ. ನಾನು ಮೊದಲು ತಂದದ್ದು ಕಂಡೆನ್ಸರ್, ಅಂದರೆ ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕು. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ಲಿನಲ್ಲೇ ಹರಿಸುವ ವಿದ್ಯುತ್) ಬೇಕೆಂದು ತಿಳಿಯದೆ ಕಂಪ್ಯೂಟರಿಗೆ ನೇರ ಸಿಕ್ಕಿಸಿದೆ. ಬರೀ ಸುಸ್ಸೆನ್ನುವ ಸದ್ದು. ಪವರ್ ಕೊಟ್ಟ ಮೇಲೆ ನನ್ನ ದನಿಗಿಂತ ಪಿ.ಜೆ. ಬಡಾವಣೆಯ ಆಟೋ ಹಾರ್ನು, ಪಕ್ಕದ ಮನೆಯ ಕುಕ್ಕರ್ ಸೀಟಿಯೇ ಸೊಗಸಾಗಿ ಕೇಳಿಸಿತು!

ಡೈನಮಿಕ್ ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ, ತುಸು ಓರೆಯಾಗಿಡಿ. ‘ಪ’, ‘ಬ’ ಅಕ್ಷರಗಳ ಗಾಳಿ ಬಡಿಯುವುದಿಲ್ಲ. ಜಿಪುಣತನ ಬೇಡವಾದದ್ದು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸ್ ವಿಷಯದಲ್ಲಿ. ಈ ಮೈಕಿನ ಸಂಕೇತ ಕ್ಷೀಣ, ಅದನ್ನು ಗೊರಗೊರ ಸದ್ದಿಲ್ಲದೆ ಹಿಗ್ಗಿಸುವ ಇಂಟರ್‌ಫೇಸ್ ಬೇಕು. ತಂತ್ರಾಂಶಕ್ಕೆ ದುಡ್ಡು ಸುರಿಯಬೇಡಿ, ಉಚಿತ ಆಡಾಸಿಟಿ ಸಾಕು.

ಗ್ರಾನೈಟ್ ನೆಲ, ಬೋಳು ಗೋಡೆಯ ಕೋಣೆಯಲ್ಲಿ ದುಬಾರಿ ಮೈಕೂ ಬಾವಿಯೊಳಗೆ ಹಾಡಿದಂತೆಯೇ ಕೇಳಿಸುತ್ತದೆ. ಅಜ್ಜಿ ಹೊಲಿದ ಎರಡು ಕೌದಿಗಳನ್ನು ನನ್ನ ಬೆನ್ನ ಹಿಂದೆ ಹಗ್ಗಕ್ಕೆ ಇಳಿಬಿಟ್ಟೆ, ಪ್ರತಿಧ್ವನಿ ಅರ್ಧ ಅಡಗಿತು. ಫ್ಯಾನನ್ನೂ ಆರಿಸಬೇಕು. ಏಪ್ರಿಲ್‌ನ ದಾವಣಗೆರೆಯಲ್ಲಿ ಅದು ಶಿಕ್ಷೆಯೇ ಸರಿ, ಹಾಗಾಗಿ ನಾನು ಬೆಳಗಿನ ಜಾವ 5 ಗಂಟೆಗೇ ಕೂರುತ್ತೇನೆ.