ಎಸ್‌ಎಲ್‌ಆರ್‌ನ ಸೀಳುಚಿತ್ರ ಓದುವ ಬಗೆ

ಸೈನ್ಯದ ವರ್ಕ್‌ಶಾಪಿನಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವನು, ಆಗಿದ್ದವನು ನಾನು. ಕಲಿಯಲು ಬಂದ ಹುಡುಗರ ಕೈಗೆ ಮೊದಲ ದಿನವೇ ರೈಫಲ್ ಕೊಡುತ್ತಿರಲಿಲ್ಲ. ಗೋಡೆಗೆ ತೂಗುಹಾಕಿದ್ದ ಸೀಳುಚಿತ್ರದ ಮುಂದೆ ನಿಲ್ಲಿಸುತ್ತಿದ್ದೆ. ರೈಫಲನ್ನು ಉದ್ದಕ್ಕೆ ಸೀಳಿ ಒಳಗಿನದೆಲ್ಲ ಕಾಣುವಂತೆ ಬರೆದ ಚಿತ್ರ ಅದು. ಎಲ್ಲರೂ ಮಾಡುತ್ತಿದ್ದ ತಪ್ಪು ಒಂದೇ. ನಳಿಗೆಯ ಬಾಯಿಂದ ಶುರುಮಾಡಿ ಹೆಗಲಿಗೆ ಆನಿಸುವ ಬಟ್ಟಿನವರೆಗೆ ಒಂದೊಂದೇ ಹೆಸರು ಓದುತ್ತಾ ಹೋಗುವುದು. ಸಂಜೆಗೆ ಮೂವತ್ತು ಹೆಸರು ಬಾಯಿಪಾಠವಾಗಿರುತ್ತಿತ್ತು. ಯಾವುದು ಯಾವುದನ್ನು ತಳ್ಳುತ್ತದೆ ಎಂದು ಕೇಳಿದರೆ ಮುಖ ಮುಖ ನೋಡುತ್ತಿದ್ದರು.

ಇಲ್ಲಿ ಹೇಳುವುದು ಆ ಚಿತ್ರವನ್ನು ಓದುವ ಕ್ರಮ. ನನ್ನ ಕೈ ಪಳಗಿದ್ದು ಇಛಾಪುರದ ಕಾರ್ಖಾನೆಯ 7.62 ಮಿ.ಮೀ. 1ಎ1 ರೈಫಲ್ ಮೇಲೆ, ನಾವು ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಎಂದೇ ಕರೆಯುತ್ತಿದ್ದದ್ದು. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಅದರ ಮೂಲ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಡ್ಯೂಡೊನೆ ಸೇವ್ ರೂಪಿಸಿದ ಎಫ್‌ಎಎಲ್. ಬ್ರಿಟನ್ನಿನವರು ಅದನ್ನು ಎಲ್1ಎ1 ಎಂದು ಒಗ್ಗಿಸಿಕೊಂಡರು. ನಮ್ಮಲ್ಲಿ 1962ರ ಯುದ್ಧದ ನಂತರ ಬಂತು, ತೊಂಬತ್ತರ ದಶಕದಲ್ಲಿ ಇನ್ಸಾಸ್ ರೈಫಲಿಗೆ ಜಾಗ ಬಿಟ್ಟಿತು.

ಒಂದು ಸೀಳುಚಿತ್ರ, ಅದರ ಮೇಲೆ ಹರವಲು ನಾಲ್ಕು ಟ್ರೇಸಿಂಗ್ ಹಾಳೆ, ಕಪ್ಪು, ನೀಲಿ, ಕೆಂಪು ಪೆನ್ಸಿಲ್. ಇಷ್ಟು ಸಾಕು. ಅಲ್ಲಾಡದ ಭಾಗಕ್ಕೆ ಕಪ್ಪು, ಅಲ್ಲಾಡುವುದಕ್ಕೆ ನೀಲಿ, ಮದ್ದಿನ ಅನಿಲ ಇರುವ ಜಾಗಕ್ಕೆ ಕೆಂಪು. ಒಂದೊಂದು ಹಾಳೆ ಒಂದೊಂದು ಗಳಿಗೆ.

ಮೊದಲ ಹಾಳೆಯಲ್ಲಿ ತೋಟಾ ನಳಿಗೆಯ ಹಿಂತುದಿಯ ಗೂಡಾದ ಚೇಂಬರಿನಲ್ಲಿ ಕೂತಿದೆ, ಕುದುರೆಯನ್ನು (ಟ್ರಿಗರ್) ಇನ್ನೂ ಎಳೆದಿಲ್ಲ. ಕಪ್ಪು ಪೆನ್ಸಿಲ್ ಹಿಡಿದು ನಳಿಗೆ ಮತ್ತು ಅದರ ಹಿಂದಿನ ಉಕ್ಕಿನ ಒಡಲಾದ ರಿಸೀವರ್ ಬರೆಯಿರಿ. ಆಮೇಲೆ ತೋಟಾದ ಬೆನ್ನಿಗೆ ಒತ್ತಿ ನಿಂತಿರುವ ಉಕ್ಕಿನ ತುಂಡನ್ನು ನೀಲಿಯಲ್ಲಿ ಬರೆಯಿರಿ. ಇದು ಬ್ರೀಚ್ ಬ್ಲಾಕ್, ಕೋವಿಯ ಬಾಗಿಲು. ಅದರ ಮೇಲೆ ಸವಾರಿ ಮಾಡಿರುವ ಉದ್ದನೆಯ ತುಂಡು ಸ್ಲೈಡ್. ಈಗ ಬ್ಲಾಕಿನ ಹಿಂಭಾಗ ನೋಡಿ. ಅದು ಸಮನಾಗಿ ಮಲಗಿಲ್ಲ, ಹಿಂದಿನ ತುದಿ ಸ್ವಲ್ಪ ಕೆಳಗೆ ವಾಲಿದೆ. ವಾಲಿದ ತುದಿ ಒಂದು ಸಣ್ಣ ಉಕ್ಕಿನ ತುಂಡಿಗೆ ಆತುಕೊಂಡಿದೆ. ಸೀಳುಚಿತ್ರದಲ್ಲಿ ಅದು ಉಗುರಿನಷ್ಟು ಕಾಣುತ್ತದೆ. ನಿಜದಲ್ಲಿ ರಿಸೀವರಿಗೆ ಅಡ್ಡಲಾಗಿ ಬಿಗಿಯಾಗಿ ಹೊಡೆದು ಕೂರಿಸಿದ ತುಂಡು. ಹೆಸರು ಲಾಕಿಂಗ್ ಶೋಲ್ಡರ್. ಅದಕ್ಕೆ ಕಪ್ಪು ಬಳಿಯಿರಿ, ಚೆನ್ನಾಗಿ ಬಳಿಯಿರಿ, ಯಾಕೆಂದರೆ ಇಡೀ ರೈಫಲ್ ನಿಂತಿರುವುದು ಅದರ ಮೇಲೆ.

ಎಷ್ಟು ಭಾರ ಹೊರುತ್ತದೆ ಎಂದು ಒಮ್ಮೆ ನೀವೇ ಲೆಕ್ಕ ಹಾಕಿ. ಮದ್ದು ಉರಿದಾಗ ಚೇಂಬರಿನಲ್ಲಿ ಏಳುವ ಒತ್ತಡ 3,500 ಬಾರ್ ಮೀರುತ್ತದೆ. ತೋಟಾದ ಬುಡದ ಒಳ ಅಗಲ ಸುಮಾರು 1 ಸೆಂ.ಮೀ., ಅಂದರೆ ವಿಸ್ತೀರ್ಣ ಮುಕ್ಕಾಲು ಚದರ ಸೆಂಟಿಮೀಟರಿಗೂ ಒಂಚೂರು ಜಾಸ್ತಿ. ಗುಣಿಸಿದರೆ ಎರಡೂವರೆ ಟನ್ನಿಗೂ ಮಿಕ್ಕಿದ ತಳ್ಳು. ಹುಡುಗರು ಈ ಲೆಕ್ಕ ಮಾಡಿ ಮುಗಿಸಿದ ಮೇಲೆ ಶೋಲ್ಡರನ್ನು ನೋಡುವ ದೃಷ್ಟಿಯೇ ಬೇರೆಯಾಗುತ್ತಿತ್ತು. ಅದು ಸವೆದರೆ ಬಾಗಿಲಿಗೂ ತೋಟಾಕ್ಕೂ ನಡುವೆ ಸಂದು ಬೀಳುತ್ತದೆ. ಅದಕ್ಕೇ ಅದನ್ನು ಬೇರೆ ಬೇರೆ ಅಳತೆಗಳಲ್ಲಿ ಮಾಡಿಟ್ಟಿರುತ್ತಾರೆ. ಗೇಜು ಹಾಕಿ ನೋಡಿ ತಕ್ಕದ್ದನ್ನು ಕೂರಿಸುವುದು ಆರ್ಮರರನ ಕೆಲಸ, ಜವಾನ ಅದರ ಗೊಡವೆಗೆ ಹೋಗುವಂತಿಲ್ಲ.

ಎರಡನೆಯ ಹಾಳೆಗೆ ಬರೋಣ. ಕುದುರೆ ಎಳೆದಾಯಿತು, ಹ್ಯಾಮರ್ ಬಡಿಯಿತು, ಫೈರಿಂಗ್ ಪಿನ್ ಚುಚ್ಚಿತು, ಮದ್ದು ಹೊತ್ತಿತು. ಗುಂಡು ನಳಿಗೆಯಲ್ಲಿ ಅರ್ಧ ದಾರಿ ದಾಟಿದ ಗಳಿಗೆ. ಗುಂಡಿನ ಹಿಂದಿನ ಜಾಗಕ್ಕೆಲ್ಲ ಕೆಂಪು ಬಳಿಯಿರಿ. ತೋಟಾದ ಹಿತ್ತಾಳೆಯ ಹೊರಕವಚ, ಅಂದರೆ ಖೋಕಾ, ಈ ಒತ್ತಡಕ್ಕೆ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಂಡಿದೆ, ಅನಿಲ ಹಿಂದಕ್ಕೆ ಸೋರದಂತೆ ಬಿರಡೆ ಹಾಕಿದ ಹಾಗೆ. ನೀಲಿ ಯಾವುದೂ ಇನ್ನೂ ಕದಲಿಲ್ಲ. ಈ ಹಾಳೆಯಲ್ಲಿ ನೀಲಿಯನ್ನು ಕದಲಿಸಿದ ಹುಡುಗ ಹಾಳೆ ಹರಿದು ಮತ್ತೆ ಬರೆಯಬೇಕಿತ್ತು.

ಮೂರನೆಯ ಹಾಳೆಯಲ್ಲಿ ನಿಧಾನಿಸಬೇಕು. ಸ್ವತಃ ನಾನೇ ಎಡವಿದ್ದು ಇಲ್ಲಿ.

ಗುಂಡು ನಳಿಗೆಗೆ ಕೊರೆದ ಗ್ಯಾಸ್ ರಂಧ್ರ ದಾಟುತ್ತಲೇ ಕೆಂಪು ಬಣ್ಣ ಅದರೊಳಗೆ ಏರಿ, ನಳಿಗೆಯ ಮೇಲಿನ ಸಿಲಿಂಡರಿಗೆ ನುಗ್ಗುತ್ತದೆ. ಅಲ್ಲಿ ಪಿಸ್ಟನ್ ಇದೆ. ಪಿಸ್ಟನ್ ಹಿಂದಕ್ಕೆ ಚಿಮ್ಮಿ ಸ್ಲೈಡಿನ ಹಣೆಗೆ ಒಂದು ಗುದ್ದು ಕೊಟ್ಟು, ತನ್ನದೇ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ವಾಪಸಾಗುತ್ತದೆ. ಸ್ಲೈಡಿನ ಜೊತೆ ಅದು ಕೊನೆತನಕ ಹೋಗುವುದಿಲ್ಲ. ಕೇರಂನಲ್ಲಿ ಸ್ಟ್ರೈಕರ್ ಕಾಯಿಗೆ ತಾಗಿ ನಿಲ್ಲುವ ಹಾಗೆ.

ನಾನು ಕಲಿಯುತ್ತಿದ್ದಾಗ ಉಸ್ತಾದ್ ಕೇಳಿದ್ದರು, ಪಿಸ್ಟನ್ ಗುದ್ದಿದ ಕೂಡಲೇ ಏನಾಗುತ್ತದೆ ಎಂದು. ಬಾಗಿಲು ತೆರೆಯುತ್ತದೆ ಅಂದೆ. ಅವರು ಏನೂ ಹೇಳಲಿಲ್ಲ. ಖಾಲಿ ರೈಫಲ್ ತಂದರು, ಮ್ಯಾಗಜೀನ್ ತೆಗೆದರು, ಎರಡು ಸಲ ಕಾಕ್ ಮಾಡಿದರು (ಹ್ಯಾಂಡಲ್ ಹಿಂದಕ್ಕೆ ಎಳೆದು ಬಿಟ್ಟರು), ಚೇಂಬರಿಗೆ ಇಣುಕಿ ನನ್ನನ್ನೂ ಇಣುಕಲು ಹೇಳಿದರು. ಆಮೇಲೆ ಎಡಗಡೆಯ ಕಾಕಿಂಗ್ ಹ್ಯಾಂಡಲಿಗೆ ನನ್ನ ಬೆರಳು ಕೊಕ್ಕೆ ಹಾಕಿಸಿ, ನಿಧಾನ, ಇರುವೆ ನಡೆದಷ್ಟು ನಿಧಾನ ಎಳೆ ಅಂದರು. ಎಳೆದೆ. ಸ್ಲೈಡ್ ಹಿಂದಕ್ಕೆ ಸರಿಯಿತು, ಕೆಲವೇ ಮಿಲಿಮೀಟರ್. ಬಲಗಡೆ ಕಿಂಡಿಯಲ್ಲಿ ಕಾಣುವ ಬ್ಲಾಕ್ ಮಾತ್ರ ಇದ್ದಲ್ಲೇ ಇತ್ತು. ಇನ್ನೊಂದು ಕೂದಲೆಳೆ ಎಳೆದೆ. ಆಗ ಬ್ಲಾಕಿನ ಹಿಂಬದಿ ಸದ್ದಿಲ್ಲದೆ ಮೇಲೆದ್ದು ಶೋಲ್ಡರಿನಿಂದ ಕಳಚಿಕೊಂಡಿತು. ಬೆರಳ ತುದಿಗೇ ಅದು ಗೊತ್ತಾಯಿತು, ಬಿಗಿ ಹೋಗಿ ಹಗುರವಾದದ್ದು.

ಆ ಕೆಲವೇ ಮಿಲಿಮೀಟರಿನಲ್ಲಿ ಸ್ಲೈಡ್ ಬರಿದೇ ಸರಿಯುತ್ತದೆ, ಬಾಗಿಲನ್ನು ಮುಟ್ಟುವುದಿಲ್ಲ. ಅಷ್ಟರಲ್ಲಿ ಗುಂಡು ನಳಿಗೆ ಬಿಟ್ಟು ಹೋಗಿರುತ್ತದೆ. ಗುಂಡು ನಳಿಗೆಯಲ್ಲಿ ಇರುವುದೇ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸು. ಬಾಯಿ ದಾಟುವಾಗ ಅದರ ವೇಗ ಸೆಕೆಂಡಿಗೆ 840 ಮೀಟರ್ ಹತ್ತಿರ. ಅದರೆದುರು ಸ್ಲೈಡ್ ಆಮೆ. ಗುಂಡು ಹೋಯಿತು, ಒತ್ತಡ ಕುಸಿಯಿತು, ಉಬ್ಬಿದ್ದ ಖೋಕಾ ಕುಗ್ಗಿ ಗೋಡೆ ಬಿಟ್ಟಿತು, ಆಮೇಲೆ ಬಾಗಿಲು. ತನ್ನಷ್ಟಕ್ಕೆ ತುಂಬಿಕೊಳ್ಳುವ ಯಾವ ರೈಫಲ್ ಆದರೂ ಅದನ್ನು ರೂಪಿಸುವವನ ತಲೆನೋವು ಈ ತಡ. ಬಾಗಿಲು ತೆರೆಯುವುದು ಸುಲಭ, ಬೇಕಾದಷ್ಟು ಹೊತ್ತು ತೆರೆಯದಂತೆ ಹಿಡಿಯುವುದು ಕಷ್ಟ. ಮೂರನೆಯ ಹಾಳೆಯಲ್ಲಿ ಸ್ಲೈಡನ್ನು ಸ್ವಲ್ಪ ಹಿಂದಕ್ಕೆ, ಬ್ಲಾಕನ್ನು ಇದ್ದಲ್ಲೇ ಬರೆಯಿರಿ. ನಡುವಿನ ಸಂದಿಗೆ ಬಾಣ ಹಾಕಿ.

ಬೀಗವೇ ಬೇಡ, ಬಾಗಿಲನ್ನೇ ಭಾರ ಮಾಡಿದರಾಯಿತಲ್ಲ ಎಂದು ಪ್ರತಿ ತಂಡದಲ್ಲೂ ಒಬ್ಬ ಕೇಳುತ್ತಿದ್ದ. ಒಳ್ಳೆಯ ಪ್ರಶ್ನೆ. 9 ಮಿ.ಮೀ. ಕಾರ್ಬೈನಿನಲ್ಲಿ ನಡೆಯುವುದು ಅದೇ. ಅಲ್ಲಿ ಬೋಲ್ಟಿಗೆ, ಅಂದರೆ ಬಾಗಿಲಿಗೆ, ಬೀಗವಿಲ್ಲ, ತನ್ನ ತೂಕದಿಂದಲೇ ತಡ ಮಾಡುತ್ತದೆ. ಎಸ್‌ಎಲ್‌ಆರ್ ತೋಟಾದ ಜೋರಿಗೆ ಹಾಗೆ ಮಾಡಹೊರಟರೆ ಬೋಲ್ಟೊಂದೇ ಇಡೀ ರೈಫಲಿಗಿಂತ ಹೆಚ್ಚು ತೂಗಬೇಕಾದೀತು. ಈಗಿನ ತೂಕವೇ ನಾಲ್ಕೂಕಾಲು ಕಿಲೋ ಮೀರಿದೆ, ಇಪ್ಪತ್ತು ತೋಟಾದ ಮ್ಯಾಗಜೀನ್ ಹಾಕಿದರೆ ಐದರ ಹತ್ತಿರ. ಹೊತ್ತು ನಡೆದವರನ್ನು ಕೇಳಿ.

ನಾಲ್ಕನೆಯ ಹಾಳೆ ಸಲೀಸು. ಸ್ಲೈಡ್ ಬ್ಲಾಕನ್ನು ಕರೆದುಕೊಂಡು ಹಿಂದಕ್ಕೆ ಓಡುತ್ತದೆ. ಬ್ಲಾಕಿನ ಮೂತಿಯಲ್ಲಿರುವ ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆ ಖೋಕಾದ ಅಂಚು ಹಿಡಿದು ಎಳೆದು ತರುತ್ತದೆ. ಇಜೆಕ್ಟರ್ ಎಂಬ ಅಲ್ಲಾಡದ ಮೊನೆಗೆ ತಾಗಿ ಖೋಕಾ ಬಲಕ್ಕೆ ಹಾರುತ್ತದೆ. ಹಿಂದಕ್ಕೆ ಬರುವ ಸ್ಲೈಡ್ ಹ್ಯಾಮರನ್ನು ಮಲಗಿಸುತ್ತದೆ. ಸ್ಲೈಡಿನ ಹಿಂದೆ ಇಲಿಬಾಲದ ಹಾಗೆ ಒಂದು ಕಡ್ಡಿ ಇದೆ, ಅದು ಬಟ್ಟಿನೊಳಗಿನ ಸ್ಪ್ರಿಂಗನ್ನು ಒತ್ತುತ್ತದೆ. ಒತ್ತಿಸಿಕೊಂಡ ಸ್ಪ್ರಿಂಗ್ ತಿರುಗಿ ತಳ್ಳಿದಾಗ ಬ್ಲಾಕ್ ಮ್ಯಾಗಜೀನಿನ ಬಾಯಿಂದ ಹೊಸ ತೋಟಾ ದೂಡಿಕೊಂಡು ಹೋಗಿ ಮುಚ್ಚಿಕೊಳ್ಳುತ್ತದೆ. ಬ್ಲಾಕ್ ನಿಂತ ಮೇಲೂ ಸ್ಲೈಡ್ ಇನ್ನಷ್ಟು ಮುಂದೆ ಹೋಗಿ ಅದರ ಹಿಂಬದಿಯನ್ನು ಶೋಲ್ಡರಿನ ಎದುರಿಗೆ ಅದುಮುತ್ತದೆ. ಮೂರನೆಯ ಹಾಳೆಯ ಅದೇ ಸಂದು, ಈಗ ಉಲ್ಟಾ. ಬೆರಳು ಬಿಟ್ಟು ಮತ್ತೆ ಕುದುರೆ ಎಳೆಯುವವರೆಗೆ ಹ್ಯಾಮರ್ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಒಂದು ಎಳೆತಕ್ಕೆ ಒಂದೇ ಗುಂಡು.

ಗ್ಯಾಸ್ ರೆಗ್ಯುಲೇಟರ್ ಬಗ್ಗೆ ಹೇಳದಿದ್ದರೆ ಚಿತ್ರ ಅರ್ಧವೇ. ಪಿಸ್ಟನ್ನಿಗೆ ಎಷ್ಟು ಅನಿಲ ಬೇಕು ಎನ್ನುವುದು ದಿನದಿನಕ್ಕೆ ಬದಲಾಗುತ್ತದೆ. ಧೂಳು, ಚಳಿ, ಕಟ್ಟಿದ ಕಾರ್ಬನ್, ಎಲ್ಲವೂ ಸ್ಲೈಡಿನ ಕಾಲೆಳೆಯುತ್ತವೆ. ಸೇವ್ ಮಾಡಿದ ಉಪಾಯ ನನಗೆ ಬಹಳ ಇಷ್ಟ. ಮಾಮೂಲಿಗಿಂತ ಹೆಚ್ಚೇ ಅನಿಲ ತೆಗೆದುಕೊಂಡು, ಬೇಡದ್ದನ್ನು ಹೊರಗೆ ಬಿಡುವುದು. ನೀರಿನ ತೊಟ್ಟಿಗೆ ಕೋಡಿ ಇಟ್ಟ ಹಾಗೆ. ಕೋಡಿ ಪೂರ್ತಿ ತೆರೆದು ಗುಂಡು ಹಾರಿಸುತ್ತಾ, ಒಂದೊಂದೇ ಕ್ಲಿಕ್ ಮುಚ್ಚುತ್ತಾ ಬರುತ್ತೀರಿ. ರೈಫಲ್ ತಪ್ಪದೆ ನಡೆಯತೊಡಗಿದ ಮೇಲೆ ಇನ್ನೊಂದೆರಡು ಕ್ಲಿಕ್ ಮುಚ್ಚಿ ಬಿಡುತ್ತೀರಿ, ಅಷ್ಟೆ. ಪೂರ್ತಿ ಮುಚ್ಚಿಟ್ಟರೆ ಜೋರಾಗಿ ನಡೆಯುತ್ತದೆ ನಿಜ, ಆದರೆ ಹೆಗಲಿಗೂ ಕಬ್ಬಿಣಕ್ಕೂ ದಿನವೂ ಪೆಟ್ಟು.

ಸಿಲಿಂಡರಿನ ಮೂತಿಯಲ್ಲಿ ಗ್ಯಾಸ್ ಪ್ಲಗ್ ಇದೆ. ರೈಫಲ್ ಗ್ರೆನೇಡ್ ಹಾರಿಸುವಾಗ ಅದನ್ನು ತಿರುಗಿಸಿ ಪಿಸ್ಟನ್ನಿನ ದಾರಿಯನ್ನೇ ಮುಚ್ಚುತ್ತಾರೆ, ಅನಿಲವೆಲ್ಲ ಗ್ರೆನೇಡನ್ನು ನೂಕಲಿ ಎಂದು. ಇದೇ ಪ್ಲಗ್ ಒಮ್ಮೆ ನನ್ನ ಮಾನ ಕಳೆದಿತ್ತು. ಫೈರಿಂಗ್ ರೇಂಜಿನಲ್ಲಿ ಒಬ್ಬ ಜವಾನ ರೈಫಲ್ ತಂದ. ಗುಂಡು ಹಾರುತ್ತದೆ, ಖೋಕಾ ಹೊರಗೆ ಬರುವುದಿಲ್ಲ, ಪ್ರತಿ ಸಲ ಕೈಯಲ್ಲೇ ಕಾಕ್ ಮಾಡಬೇಕು. ನಾನು ಎಕ್ಸ್‌ಟ್ರಾಕ್ಟರ್ ನೋಡಿದೆ, ಅದರ ಸ್ಪ್ರಿಂಗ್ ಬದಲಿಸಿದೆ, ಚೇಂಬರಿಗೆ ಚಿಂದಿ ಹಾಕಿ ಒರೆಸಿದೆ. ಅರ್ಧ ಗಂಟೆ ಹೋಯಿತು. ಸುತ್ತ ಜನ ಸೇರಿದರು. ಹಿರಿಯ ಹವಾಲ್ದಾರರೊಬ್ಬರು ಬಂದು, ನನ್ನ ಕೈಯಿಂದ ರೈಫಲ್ ತೆಗೆದುಕೊಂಡು, ಪ್ಲಗ್ಗನ್ನು ಅರ್ಧ ಸುತ್ತು ತಿರುಗಿಸಿ ವಾಪಸು ಕೊಟ್ಟರು. ಹಿಂದಿನ ಸಂಜೆ ತೊಳೆದವರು ಅದನ್ನು ಉಲ್ಟಾ ಕೂರಿಸಿದ್ದರು.

ನಾಲ್ಕು ಹಾಳೆ ಮುಂದಿದ್ದಿದ್ದರೆ ಒಂದು ನಿಮಿಷದ ಕೆಲಸ. ಎಲ್ಲಿ ನಿಂತಿತು ಎಂದು ಕೇಳಬೇಕು. ಎರಡನೆಯ ಹಾಳೆ ಆಗಿದೆ, ಗುಂಡು ಹೋಗಿದೆ. ಮೂರನೆಯದು ಶುರುವೇ ಆಗಿಲ್ಲ, ಸ್ಲೈಡ್ ಕದಲಿಲ್ಲ. ಅಂದಮೇಲೆ ಎಕ್ಸ್‌ಟ್ರಾಕ್ಟರಿನ ಹತ್ತಿರ ನನಗೇನು ಕೆಲಸ? ಖೋಕಾ ಅರ್ಧ ಹೊರಬಂದು ಸಿಕ್ಕಿಕೊಂಡಿದ್ದರೆ ಆ ಮಾತು ಬೇರೆ. ಆಗ ಸ್ಲೈಡ್ ಹೊರಟಿದೆ, ದಮ್ಮು ಸಾಲದೆ ನಿಂತಿದೆ. ಮೊದಲು ರೆಗ್ಯುಲೇಟರ್ ನೋಡಬೇಕು.

ಇದೇ ಹಾಳೆಗಳನ್ನು ಬೇರೆ ರೈಫಲಿನ ಚಿತ್ರದ ಮೇಲೂ ಹರವಿ. ಅಮೆರಿಕದವರು 1936ರಲ್ಲಿ ಒಪ್ಪಿಕೊಂಡ ಎಂ1 ಗ್ಯಾರಂಡ್‌ನಲ್ಲಿ ಬಾಗಿಲು ವಾಲುವುದಿಲ್ಲ, ತಿರುಗುತ್ತದೆ. ಬೋಲ್ಟಿನ ಎರಡು ಕಿವಿಗಳು ರಿಸೀವರಿನ ತೋಡುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಪಿಸ್ಟನ್ ಗುದ್ದಿ ವಾಪಸು ಬರುವುದಿಲ್ಲ, ಬೋಲ್ಟನ್ನು ನಡೆಸುವ ಆಪರೇಟಿಂಗ್ ರಾಡಿನ ಜೊತೆ ಕೊನೆವರೆಗೂ ಹೋಗುತ್ತದೆ. ಮೊದಮೊದಲು ಅದರಲ್ಲಿ ಅನಿಲ ಹಿಡಿಯುತ್ತಿದ್ದದ್ದು ನಳಿಗೆಯ ಬಾಯಲ್ಲಿ, ಆಮೇಲೆ ನಳಿಗೆಗೇ ರಂಧ್ರ ಕೊರೆದರು. ಎಕೆ ರೈಫಲಿನಲ್ಲೂ ಬೋಲ್ಟ್ ತಿರುಗುತ್ತದೆ, ಪಿಸ್ಟನ್ ಅಲ್ಲಿನ ಸ್ಲೈಡ್ ಆದ ಕ್ಯಾರಿಯರಿಗೇ ಅಂಟಿಕೊಂಡಿದೆ. ಎರಡರಲ್ಲೂ ಬೋಲ್ಟ್ ತಿರುಗುವ ಮುಂಚಿನ ಬರಿದೇ ಸರಿಯುವ ಸಂದು ಹುಡುಕಿ, ಸಿಗುತ್ತದೆ.

ಜರ್ಮನಿಯ ಜಿ3 ಚಿತ್ರ ಸಿಕ್ಕಿದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದರಲ್ಲಿ ಕೆಂಪು ಬಳಿಯಲು ಗ್ಯಾಸ್ ರಂಧ್ರವೇ ಇಲ್ಲ, ಪಿಸ್ಟನ್ನೂ ಇಲ್ಲ. ಬೋಲ್ಟಿನ ತಲೆಯ ಎರಡು ಪಕ್ಕದಲ್ಲಿ ಎರಡು ರೋಲರ್ ಇವೆ. ಖೋಕಾ ಹಿಂದಕ್ಕೆ ಒತ್ತಿದಾಗ ಅವು ಒಳಸರಿಯುತ್ತಾ ಹಿಂದಿನ ಭಾರದ ತುಂಡನ್ನು ಬೇಗ ಓಡಿಸುತ್ತವೆ, ಮುಂದಿನ ತಲೆ ನಿಧಾನ ಹೊರಡುತ್ತದೆ. ತಡ ಇದೆ, ಪೂರ್ತಿ ಬೀಗ ಇಲ್ಲ. ಹಾಗಾಗಿ ಒತ್ತಡ ಇನ್ನೂ ಇರುವಾಗಲೇ ಖೋಕಾ ಕದಲುತ್ತದೆ. ಗೋಡೆಗೆ ಅಂಟಿಕೊಂಡೇ ಇದ್ದರೆ ಹರಿದುಹೋಗುತ್ತದೆ. ಅದಕ್ಕೆ ಚೇಂಬರಿನ ಗೋಡೆಯಲ್ಲಿ ಉದ್ದುದ್ದ ತೋಡು ಕೊರೆದಿದ್ದಾರೆ, ಅನಿಲ ಅದರೊಳಗೆ ಹರಿದು ಖೋಕಾವನ್ನು ಹೊರಗಿನಿಂದಲೂ ಒತ್ತಲಿ ಎಂದು. ಅಂಥ ರೈಫಲಿನಿಂದ ಬಿದ್ದ ಖೋಕಾವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಸುತ್ತಲೂ ಉದ್ದಕ್ಕೆ ಮಸಿಯ ಗೆರೆಗಳಿರುತ್ತವೆ, ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ.