ಫ್ಯಾನ್ ಯಾವಾಗ ತಿರುಗುತ್ತದೆ ಅಂತ ಮೊದಲು ನೋಡಿ

ಕಾರು ಹೀಟ್ ಆಗ್ತಿದೆ ಅಂತ ಗ್ಯಾರೇಜಿಗೆ ಹೋದರೆ ಎರಡು ಸಲಹೆ ಬೇಗ ಸಿಗುತ್ತವೆ. ಒಂದು, 'ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡೋಣ ಸಾರ್, ಬೆಂಗಳೂರಿಗೆ ಅದು ಬೇಕಾಗಿಲ್ಲ.' ಇನ್ನೊಂದು, 'ಫ್ಯಾನ್ ಡೈರೆಕ್ಟ್ ಕೊಟ್ಟುಬಿಡ್ತೀನಿ, ಕೀ ಆನ್ ಮಾಡಿದ ತಕ್ಷಣ ತಿರುಗ್ತಿರುತ್ತೆ.' ಥರ್ಮೋಸ್ಟಾಟ್ ಅಂದರೆ ಇಂಜಿನ್ ಬಿಸಿಯಾಗುವವರೆಗೆ ಅದರೊಳಗಿನ ನೀರು, ಅಂದರೆ ಕೂಲೆಂಟ್, ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್. ಆ ನೀರನ್ನು ತಣಿಸುವ ಜಾಲರಿಯೇ ರೇಡಿಯೇಟರ್, ಫ್ಯಾನ್ ಅದಕ್ಕೆ ಗಾಳಿ ಕೊಡುತ್ತದೆ. ಎರಡಕ್ಕೂ ಖರ್ಚು ಕಮ್ಮಿ. ಟೆಂಪರೇಚರ್ ಮುಳ್ಳೂ ಕೆಳಗೆ ಬರುತ್ತದೆ. ಕಾಯಿಲೆ ಏನಿತ್ತು ಅನ್ನೋದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಹಳೆಯ ಪೆಟ್ರೋಲ್ ಕಾರಿಗೂ ಇವೆರಡನ್ನೇ ಹೇಳಿದರು. ಬೇಡ ಅಂದೆ. ವೃತ್ತಿಯಿಂದ ನಾನು ಮೆಕ್ಯಾನಿಕ್ ಅಲ್ಲ, ಆದರೆ ಮಲ್ಟಿಮೀಟರ್ ಹಿಡಿದು ಕೂರುವ ಚಟ ಇದೆ.

ನನ್ನ ಕಾರಿನ ತೊಂದರೆ ಹೀಗಿತ್ತು. ಸಿಲ್ಕ್ ಬೋರ್ಡ್‌ನಿಂದ ಮಾರತ್ತಹಳ್ಳಿ ಕಡೆ ಔಟರ್ ರಿಂಗ್ ರೋಡಿನಲ್ಲಿ ತೆವಳುವಾಗ ಮುಳ್ಳು ಮಧ್ಯ ದಾಟಿ ಮೇಲೇರುತ್ತಿತ್ತು. ಅದೇ ಹೊತ್ತಿಗೆ ಏಸಿ ಗಾಳಿ ಬೆಚ್ಚಗಾಗುತ್ತಿತ್ತು. ನೈಸ್ ರೋಡ್ ಹತ್ತಿ ಅರವತ್ತರ ಮೇಲೆ ಓಡಿಸಿದರೆ ಎರಡೂ ಸರಿ. ಈ ಮೂರು ಸಾಲಿನಲ್ಲೇ ಅರ್ಧ ಉತ್ತರ ಇದೆ. ನಿಂತಾಗ ಮಾತ್ರ ಕಾದು, ಓಡುವಾಗ ತಣ್ಣಗಾದರೆ ಕೊರತೆ ಇರುವುದು ಗಾಳಿಯದು. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನ್ ಬೇಕಾಗುವುದಿಲ್ಲ. ಅದಕ್ಕೆ ಉಲ್ಟಾ, ಊರೊಳಗೆ ಸರಿಯಿದ್ದು ಹೈವೇಯಲ್ಲೋ ಘಾಟಿಯಲ್ಲೋ ಕಾದರೆ ಕೊರತೆ ನೀರಿನ ಹರಿವಿನದು. ಆಗ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದಿರಬಹುದು, ವಾಟರ್ ಪಂಪ್ ಸೋತಿರಬಹುದು, ಕೂಲೆಂಟೇ ಕಮ್ಮಿ ಇರಬಹುದು. ಏಸಿ ಬೆಚ್ಚಗಾಗುವುದೂ ಗಾಳಿಯ ಕಡೆಗೇ ಬೆರಳು ತೋರಿಸುತ್ತದೆ. ಏಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ರೇಡಿಯೇಟರ್ ಮುಂದೆಯೇ ಇರುತ್ತದಲ್ವಾ? ಇಬ್ಬರಿಗೂ ಅದೇ ಫ್ಯಾನ್.

ಮುಳ್ಳನ್ನು ಪೂರ್ತಿ ನಂಬಬೇಡಿ. ಸುಮ್ನೆ ಅಲ್ಲಾಡುತ್ತಿದ್ದರೆ ಜನ ಹೆದರುತ್ತಾರೆ ಅಂತ ಎಷ್ಟೋ ಕಾರುಗಳಲ್ಲಿ ಅದನ್ನು ಬೇಕಂತಲೇ ಮಂದ ಮಾಡಿರುತ್ತಾರೆ. ಕೂಲೆಂಟ್ ಎಂಬತ್ತರಲ್ಲಿದ್ದರೂ ನೂರರಲ್ಲಿದ್ದರೂ ಮುಳ್ಳು ಮಧ್ಯದಲ್ಲೇ ಕೂತಿರುತ್ತದೆ. ಈಗಿನ ಹಲವು ಸಣ್ಣ ಕಾರುಗಳಲ್ಲಿ ಮುಳ್ಳೂ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕಾದರೆ ಕೆಂಪು ದೀಪ, ಅಷ್ಟೇ. ಹಾಗಾಗಿ ನಾನು ಸ್ಟಿಯರಿಂಗ್ ಕೆಳಗಿನ, ಕಾರಿನ ಕಂಪ್ಯೂಟರಿನ ಲೆಕ್ಕ ಓದಲು ಇರುವ ಓಬಿಡಿ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಕೊಂಡೆ. ಫೋನಿನಲ್ಲಿ ಕೂಲೆಂಟ್ ಬಿಸಿ ಡಿಗ್ರಿ ಲೆಕ್ಕದಲ್ಲಿ ಕಾಣುತ್ತದೆ. ಇಂಜಿನ್ ತೊಂದರೆ ಹುಡುಕಲು ಖರ್ಚು ಮಾಡಿದ ದುಡ್ಡಿನಲ್ಲಿ ಇಷ್ಟು ಕೆಲಸಕ್ಕೆ ಬಂದದ್ದು ಬೇರೆ ಇಲ್ಲ.

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಶುರು ಮಾಡಿದೆ. ಮೊದಲು ಕ್ಯಾಪ್ ತೆಗೆದು ರೇಡಿಯೇಟರಿನಲ್ಲೇ ಕೂಲೆಂಟ್ ಎಷ್ಟಿದೆ ನೋಡಿದೆ. ಪಕ್ಕದ ಪ್ಲಾಸ್ಟಿಕ್ ಡಬ್ಬಿ ತುಂಬಿದೆ ಅಂತ ರೇಡಿಯೇಟರ್ ತುಂಬಿದೆ ಅಂದುಕೊಳ್ಳಬಾರದು. ಬಿಸಿಯಿದ್ದಾಗ ಮಾತ್ರ ಕ್ಯಾಪ್ ಮುಟ್ಟಬೇಡಿ. ಒಳಗೆ ಒತ್ತಡದಲ್ಲಿ ನೂರು ದಾಟಿದ ನೀರಿರುತ್ತದೆ. ಕ್ಯಾಪ್ ಸಡಿಲವಾದ ಕ್ಷಣ ಅದು ಆವಿಯಾಗಿ ಮುಖಕ್ಕೇ ಚಿಮ್ಮುತ್ತದೆ.

ಆಮೇಲೆ ಏಸಿ ಆಫ್ ಮಾಡಿ, ಬಾನೆಟ್ ತೆಗೆದು, ಇಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟೆ. ಇಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಮೇಲಿನ ಹೋಸ್ ಪೈಪ್ ಬಹಳ ಹೊತ್ತು ಉಗುರು ಬೆಚ್ಚಗಷ್ಟೇ ಇತ್ತು. ಫೋನಿನಲ್ಲಿ ಎಂಬತ್ತು ಚಿಲ್ಲರೆ ಬರುತ್ತಿದ್ದ ಹಾಗೆ ಒಮ್ಮೆಗೇ ಕೈ ಇಡಲಾಗದಷ್ಟು ಬಿಸಿಯಾಯಿತು. ಥರ್ಮೋಸ್ಟಾಟ್ ತೆರೆದದ್ದು ಆಗಲೇ. ಹೆಚ್ಚಿನ ಕಾರುಗಳಲ್ಲಿ ಅದು 82ರಿಂದ 88 ಡಿಗ್ರಿ ಒಳಗೆ ತೆರೆಯಲು ಶುರು ಮಾಡುತ್ತದೆ. ಅಂದರೆ ಗ್ಯಾರೇಜಿನವರು ತೆಗೆದು ಬಿಸಾಕಿ ಅಂದ ವಾಲ್ವ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ನನ್ನ ಕಾರಿನ ಮ್ಯಾನ್ಯುಯಲ್ ಪ್ರಕಾರ ಸುಮಾರು 96 ಡಿಗ್ರಿಗೆ ಫ್ಯಾನ್ ನಿಧಾನ ಸ್ಪೀಡಿನಲ್ಲಿ ಶುರುವಾಗಬೇಕು. 96 ಬಂತು, ಹೋಯಿತು. ನೂರಾಯಿತು. ಫ್ಯಾನ್ ಸುಮ್ಮನೆ ಕೂತಿತ್ತು. 104ಕ್ಕೆ ವಿಮಾನ ಹೊರಟ ಹಾಗೆ ಜೋರು ಸ್ಪೀಡಿನಲ್ಲಿ ಶುರುವಾಗಿ ತೊಂಬತ್ತರ ಆಸುಪಾಸಿಗೆ ಇಳಿಸಿ ನಿಂತಿತು. ಏಸಿ ಹಾಕಿ ನೋಡಿದೆ. ಏಸಿ ಹಾಕಿದ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗಬೇಕು, ಇಂಜಿನ್ ತಣ್ಣಗಿದ್ದರೂ ಸರಿ. ತಿರುಗಲಿಲ್ಲ. ಹಾಗಾದರೆ ಮೋಟಾರಿಗೆ ಜೀವ ಇದೆ, ಜೋರು ಸ್ಪೀಡ್ ಇದೆ, ನಿಧಾನ ಸ್ಪೀಡ್ ಮಾತ್ರ ಸತ್ತಿದೆ. ಹುಡುಕುವ ಜಾಗ ಇಷ್ಟಕ್ಕೇ ಚಿಕ್ಕದಾಯಿತು.

ಫ್ಯೂಸ್ ನೋಡಿದೆ, ಸರಿಯಿತ್ತು. ನಿಧಾನ ಸ್ಪೀಡಿನ ರಿಲೇ (ಕರೆಂಟಿನಿಂದಲೇ ಆನ್ ಆಗುವ ಸ್ವಿಚ್) ತೆಗೆದು, ಅದೇ ನಂಬರಿನ ಹಾರ್ನ್ ರಿಲೇಯನ್ನು ಅಲ್ಲಿ ಹಾಕಿದೆ. ರಿಲೇ ಪರೀಕ್ಷೆಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ, ನಂಬರು ಮತ್ತು ಪಿನ್ನು ಎರಡೂ ಒಂದೇ ಇರಬೇಕು ಅಷ್ಟೇ. ರಿಲೇ ಟಕ್ ಅಂತು, ಫ್ಯಾನ್ ಅಲ್ಲಾಡಲಿಲ್ಲ. ಉಳಿದದ್ದು ರೆಸಿಸ್ಟರ್, ಕರೆಂಟನ್ನು ತಡೆದು ಫ್ಯಾನನ್ನು ನಿಧಾನ ಮಾಡುವ ಭಾಗ. ಹಳೇ ಮನೆಗಳ ಸೀಲಿಂಗ್ ಫ್ಯಾನಿಗೆ ಇರುತ್ತಿದ್ದ, ಮುಟ್ಟಿದರೆ ಬಿಸಿಯಾಗಿರುತ್ತಿದ್ದ ದಪ್ಪ ರೆಗ್ಯುಲೇಟರ್ ಇದೆಯಲ್ಲ, ಇದೂ ಅದೇ ಜಾತಿ. ಫ್ಯಾನಿನ ಪ್ಲಾಸ್ಟಿಕ್ ಚೌಕಟ್ಟಿನಲ್ಲೇ ಗಾಳಿ ಬೀಳುವ ಕಡೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಬ್ಯಾಟರಿ ಕನೆಕ್ಷನ್ ತೆಗೆದು, ಮಲ್ಟಿಮೀಟರ್ ಇಟ್ಟೆ. ಒಂದು ಓಮ್ ಆಸುಪಾಸು ತೋರಿಸಬೇಕಿದ್ದ ಜಾಗದಲ್ಲಿ ಏನೂ ಇಲ್ಲ. ಒಳಗೆ ತುಂಡಾಗಿತ್ತು. ಹೊಸ ಮಾಡೆಲ್ ಕಾರುಗಳಲ್ಲಿ ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಕಂಟ್ರೋಲರ್ ಇರುತ್ತದೆ, ಅಲ್ಲಿ ಈ ಲೆಕ್ಕ ಬೇರೆ.

ಜೆ.ಸಿ. ರೋಡಿಗೆ ಹೋದರೆ ರೆಸಿಸ್ಟರ್ ಸಿಗುತ್ತದೆ, ಹಾಕಿದರೆ ಮುಗಿಯಿತು ಅನ್ನಿಸುವುದು ಸಹಜ. ಆದರೆ ರೆಸಿಸ್ಟರ್ ತಾನಾಗಿ ಸುಡುವುದು ಅಪರೂಪ. ಯಾರೋ ಅದರಿಂದ ಜಾಸ್ತಿ ಕರೆಂಟ್ ಎಳೆದಿರುತ್ತಾರೆ. ಫ್ಯಾನಿನ ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಸಲೀಸಾಗಿ ಒಂದೆರಡು ಸುತ್ತು ಹೋಗಬೇಕಾದದ್ದು ಬಿಟ್ಟ ಜಾಗದಲ್ಲೇ ನಿಂತಿತು. ಒಳಗೆ ಮರಳು ಅರೆದ ಸದ್ದು. ಜೋರು ಸ್ಪೀಡಿನಲ್ಲಿ ಕ್ಲ್ಯಾಂಪ್ ಮೀಟರ್ ಹಾಕಿದರೆ ಅಷ್ಟು ಸಣ್ಣ ಮೋಟಾರಿಗೆ ಹೊಂದದಷ್ಟು ಆಂಪಿಯರ್. ಬೇರಿಂಗ್ ಹೋಗಿತ್ತು. ಮೋಟಾರ್, ರೆಸಿಸ್ಟರ್ ಎರಡನ್ನೂ ಬದಲಾಯಿಸಿದೆ. ಬರೀ ರೆಸಿಸ್ಟರ್ ಹಾಕಿದ್ದರೆ ಅದೂ ಕೆಲವು ತಿಂಗಳಲ್ಲಿ ಸುಡುತ್ತಿತ್ತು. ಗ್ಯಾರೇಜಿನವರು ಹೇಳಿದಂತೆ ಡೈರೆಕ್ಟ್ ಕೊಟ್ಟಿದ್ದರೆ ಅಂತೂ, ಬಿಗಿಯಾದ ಮೋಟಾರು ಯಾವತ್ತೋ ಸಿಕ್ಕಿಹಾಕಿಕೊಂಡಾಗ ಫ್ಯೂಸ್ ಇಲ್ಲದ ವಯರು ಕೆಂಪಗಾಗುತ್ತಿತ್ತು.

ಫ್ಯಾನ್ ಬಿಚ್ಚಿದ್ದೇ ಒಳ್ಳೆಯದಾಯಿತು. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಧೂಳು, ಹುಳ, ಒಣಗಿದ ಎಲೆ ಸೇರಿ ಕಂಬಳಿ ಹೊದಿಸಿದಂತಿತ್ತು. ಮೆಟ್ರೋ ಕಾಮಗಾರಿ ಪಕ್ಕದಲ್ಲೇ ದಿನಾ ಓಡಾಡುವ ಕಾರುಗಳಿಗೆ ಇದು ತಪ್ಪಿದ್ದಲ್ಲ. ಮುಂದಿನಿಂದ ನೋಡಿದರೆ ಕಾಣುವುದಿಲ್ಲ. ಇಂಜಿನ್ ಕಡೆಯಿಂದ ಹೊರಕ್ಕೆ ಸಾಧಾರಣ ಪೈಪ್ ನೀರು ಬಿಟ್ಟು ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ತೆಳು ಅಲ್ಯೂಮಿನಿಯಂ ಪಟ್ಟಿಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ಎಲ್ಲ ಜೋಡಿಸಿ ನಂದಿ ಬೆಟ್ಟ ಹತ್ತಿಸಿದೆ. 1,478 ಮೀಟರ್ ಎತ್ತರದ ಬೆಟ್ಟ, ತಿರುವಿನಿಂದ ತಿರುವಿಗೆ ಎರಡನೇ ಗೇರಿನ ಏರು, ಭಾನುವಾರ ಬೆಳಗಾದರೆ ಮುಂದೆ ಸಾಲುಗಟ್ಟಿದ ಕಾರು. ಕೂಲಿಂಗ್ ಪರೀಕ್ಷೆಗೆ ಹೇಳಿ ಮಾಡಿಸಿದ ಜಾಗ. 97ಕ್ಕೆ ಫ್ಯಾನ್ ನಿಧಾನಕ್ಕೆ ಶುರುವಾಗಿ ಬಿಸಿಯನ್ನು ಅಲ್ಲೇ ಹಿಡಿದಿಟ್ಟಿತು. ಜೋರು ಸ್ಪೀಡಿಗೆ ಕೆಲಸವೇ ಬೀಳಲಿಲ್ಲ.

ಇದನ್ನು ಕೇಳಿ ನಮ್ಮ ಭಾವ ತಮ್ಮ ಕಾರನ್ನೂ ತಂದು ನಿಲ್ಲಿಸಿದರು. 'ಫ್ಯಾನ್ ನಿಲ್ಲೋದೇ ಇಲ್ಲ ಕಣಪ್ಪ, ಆದ್ರೂ ಹೊಸಕೋಟೆ ದಾಟಿದ್ರೆ ಹೀಟು.' ಊರೊಳಗೆ ಸರಿ, ಕೋಲಾರದ ಹೈವೇಯಲ್ಲಿ ಕಾಯುತ್ತದೆ, ಫ್ಯಾನ್ ಪೂರ್ತಿ ತಿರುಗುತ್ತಲೇ ಇರುತ್ತದೆ. ನನ್ನದಕ್ಕೆ ಪಕ್ಕಾ ಉಲ್ಟಾ. 'ಭಾವ, ನೀರು ಯಾವುದು ಹಾಕ್ತೀರಿ?' ಅಂದೆ. 'ತೋಟದ ಬೋರ್‌ದು' ಅಂದರು. ಕ್ಯಾಪ್ ತೆಗೆದರೆ ಟೀ ಡಿಕಾಕ್ಷನ್ ಬಣ್ಣ. ಬೋರ್‌ವೆಲ್ ನೀರಿನ ಗಡಸು, ಗೀಸರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟಿದ ಹಾಗೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಟೆಂಪರೇಚರ್ ಗನ್ ಹಿಡಿದು ನೋಡಿದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಗನ್ ತಪ್ಪು ಲೆಕ್ಕ ಕೊಡುತ್ತದೆ, ಅದಕ್ಕೇ ಅಲ್ಲಲ್ಲಿ ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಗುರಿ ಇಟ್ಟೆ. ಒಂದು ಮೂಲೆ ಪೂರ್ತಿ ತಣ್ಣಗೆ. ಅಲ್ಲಿಗೆ ನೀರೇ ಹೋಗುತ್ತಿರಲಿಲ್ಲ. ಹಳೇ ತಾಮ್ರದ ರೇಡಿಯೇಟರ್ ಆಗಿದ್ದರೆ ಟ್ಯಾಂಕ್ ಬಿಚ್ಚಿ ಕಂಬಿ ತೂರಿಸಿ ಕ್ಲೀನ್ ಮಾಡುತ್ತಿದ್ದರು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಆ ಕಸರತ್ತು ಬೇಡ ಅಂತ ಹೊಸದನ್ನೇ ಹಾಕಿಸಿದೆವು.

ಅವರ ಕಾರಿನಲ್ಲಿ ಇನ್ನೊಂದು ಇತ್ತು. ಬೆಳಿಗ್ಗೆ ಮೇಲಿನ ಹೋಸ್ ಒಳಕ್ಕೆ ಚಪ್ಪಟೆಯಾಗಿರುತ್ತಿತ್ತು. ಇಂಜಿನ್ ತಣ್ಣಗಾಗುವಾಗ ಡಬ್ಬಿಯಿಂದ ಕೂಲೆಂಟ್ ಒಳಕ್ಕೆ ಎಳೆದುಕೊಳ್ಳಬೇಕು. ಕ್ಯಾಪಿನ ಮಧ್ಯದ ಪುಟ್ಟ ವಾಲ್ವ್ ಅಂಟಿಕೊಂಡರೆ ಅದು ಆಗುವುದಿಲ್ಲ. ಕ್ಯಾಪ್ ಅಂದರೆ ಬರೀ ಮುಚ್ಚಳ ಅಂದುಕೊಂಡವರೇ ಜಾಸ್ತಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. 0.9 ಅಂತ ಒತ್ತಡದ ಅಳತೆ ಬರೆದಿರುವ ಒಳ್ಳೆ ಕ್ಯಾಪ್ ಒತ್ತಡ ಹಿಡಿದಿಟ್ಟು ಅದನ್ನು 115ರ ಆಚೆಗೆ ತಳ್ಳುತ್ತದೆ. ಕೂಲೆಂಟ್ ಬೆರೆಸಿದ್ದರೆ ಇನ್ನೂ ಮೇಲೆ. ಲೀಕ್ ಆಗುವ ಕ್ಯಾಪು, ಒಳಗೆ ಬರೀ ನೀರು ಇದ್ದರೆ ನಮ್ಮೂರಿನಲ್ಲಿ ಫ್ಯಾನ್ ಶುರುವಾಗುವ ಹೊತ್ತಿಗೆ ನೀರು ಕುದಿಯುತ್ತಿರುತ್ತದೆ!

ಥರ್ಮೋಸ್ಟಾಟ್ ತೆಗೆಸಿದವರಿಗೆ ಒಂದು ಮಾತು. ಅದಿಲ್ಲದೆ ಇಂಜಿನ್ ಬಿಸಿಗೆ ಬರುವುದು ತಡ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಈಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಇಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಅಂತ ಹೇಳುವ ಪಿ0128 ಅನ್ನುವ ಕೋಡ್ ಬಂದು ಚೆಕ್ ಇಂಜಿನ್ ದೀಪ ಹತ್ತುವುದೂ ಉಂಟು. ಕೆಲವು ಇಂಜಿನ್‌ಗಳಲ್ಲಿ ಪೂರ್ತಿ ತೆರೆದ ಥರ್ಮೋಸ್ಟಾಟೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಒಂದಿಷ್ಟು ಬಿಸಿ ನೀರು ರೇಡಿಯೇಟರ್ ಕಡೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ. ಹೀಟ್ ಕಮ್ಮಿ ಮಾಡಲು ಹೋಗಿ ಘಾಟಿಯಲ್ಲಿ ಜಾಸ್ತಿ ಮಾಡಿಕೊಂಡ ಹಾಗೆ.

ಇಂಜಿನ್ ತಣ್ಣಗಿದ್ದಾಗಲೇ, ಕೀ ಹಾಕಿದ ಕೂಡಲೇ ಫ್ಯಾನ್ ಜೋರಾಗಿ ತಿರುಗಿದರೆ ಮೊದಲು ಕೂಲೆಂಟ್ ಬಿಸಿ ಅಳೆಯುವ ಸೆನ್ಸರಿನ ಕಪ್ಲರ್ (ವಯರು ಸೇರುವ ಪ್ಲಗ್) ನೋಡಿ. ಸೆನ್ಸರಿನಿಂದ ಸುದ್ದಿ ಬರದಿದ್ದರೆ ಈಸಿಯು ಯಾವುದಕ್ಕೂ ಇರಲಿ ಅಂತ ಫ್ಯಾನ್ ಹಾಕಿಬಿಡುತ್ತದೆ. ತಣ್ಣನೆ ಇಂಜಿನ್ ಶುರು ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ, ಡಬ್ಬಿಯಲ್ಲಿ ಗುಳ್ಳೆ ನಿಲ್ಲದೆ ಬಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಬ್ಲಾಕ್ ಮತ್ತು ಮೇಲ್ಭಾಗದ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು. ಅಲ್ಲಿಗೆ ನಾನು ಕೈ ಹಾಕುವುದಿಲ್ಲ, ಕಾರನ್ನು ಟೋ ಮಾಡಿಸುತ್ತೇನೆ.

ದಾರಿಯಲ್ಲಿ ಮುಳ್ಳು ಏರಿದರೆ ಏಸಿ ಆಫ್ ಮಾಡಿ ಹೀಟರ್ ಫುಲ್ ಇಡಿ. ಬೆವರು ಕಿತ್ತುಬರುತ್ತದೆ, ಆದರೆ ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ. ಕೆಂಪು ದೀಪ ಬಂದರೆ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಮೇಲೆ ತಣ್ಣೀರು ಎರಚಬೇಡಿ. ಕೆಲವು ಕಾರುಗಳಲ್ಲಿ ಆಫ್ ಮಾಡಿದ ಮೇಲೂ ಫ್ಯಾನ್ ತಾನಾಗಿ ಶುರುವಾಗುತ್ತದೆ, ಕೈ ದೂರ ಇರಲಿ.

ಕೂಲೆಂಟ್ ಹೊಸದಾಗಿ ತುಂಬಿದ ಮೇಲೆ ಗಾಳಿ ತೆಗೆಯುವುದು ಮರೆಯಬೇಡಿ. ನಾನು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ್‍ಯಾಂಪಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಹೀಟರ್ ಹಾಕಿ, ತಣ್ಣಗಿದ್ದಾಗಲೇ ಕ್ಯಾಪ್ ತೆಗೆದಿಟ್ಟು ಇಂಜಿನ್ ಶುರು ಮಾಡುತ್ತೇನೆ. ಥರ್ಮೋಸ್ಟಾಟ್ ತೆರೆದಾಗ ಗುಳುಗುಳು ಅಂತ ಗಾಳಿ ಬಂದು ಮಟ್ಟ ಇಳಿಯುತ್ತದೆ. ತುಂಬಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕುತ್ತೇನೆ. ಹಳೇ ಕೂಲೆಂಟನ್ನು ಮಾತ್ರ ಮೋರಿಗೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿಗಳು ನೆಕ್ಕುತ್ತವೆ, ಕಿಡ್ನಿ ಹೋಗಿ ಸಾಯುತ್ತವೆ. ನಾನು ಕ್ಯಾನಿನಲ್ಲಿ ತುಂಬಿ, ಮೇಲೆ ಹೆಸರು ಬರೆದು, ಹಳೇ ಇಂಜಿನ್ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿನವರನ್ನು ಕೇಳಿ ಅವರಿಗೇ ಕೊಡುತ್ತೇನೆ. ಆಯಿಲ್ ಜೊತೆ ಬೆರೆಸದೆ ಬೇರೆ ಕ್ಯಾನಿನಲ್ಲೇ ಕೊಡಿ.