ತಂತಿ ಯಾರ ಕೈಯಲ್ಲಿ, ಪೆನ್ನು ಯಾರ ಕೈಯಲ್ಲಿ?

ಹತ್ತನೇ ತರಗತಿಯ ಮಕ್ಕಳನ್ನು, ವೋಲ್ಟೇಜಿಗೂ ಕರೆಂಟಿಗೂ ಇರುವ ನಂಟು ಹೇಳುವ ಓಮ್‌ನ ನಿಯಮದ ಪ್ರಯೋಗಕ್ಕೆ ಗುಂಪು ಮಾಡಿ ಬಿಟ್ಟರೆ ಸಾಕು, ಕೆಲಸ ತಾನಾಗಿಯೇ ಹಂಚಿಹೋಗುತ್ತದೆ. ಬ್ಯಾಟರಿ, ನೈಕ್ರೋಮ್ ತಂತಿ, ಕರೆಂಟ್ ಅಳೆಯುವ ಅಮ್ಮೀಟರ್ ಹುಡುಗರ ಕೈಗೆ. ಕೋಷ್ಟಕಕ್ಕೆ ಗೆರೆ ಎಳೆದು ಅಳತೆ ಬರೆಯುವುದು ಹುಡುಗಿಯರ ಪಾಲಿಗೆ.

ಪರೀಕ್ಷೆಯಲ್ಲಿ ಹುಡುಗಿಯರೇ ಮುಂದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಅವರ ಉತ್ತೀರ್ಣ ಪ್ರಮಾಣ ಶೇ 81.11, ಹುಡುಗರದು ಶೇ 65.90. ಇಷ್ಟಕ್ಕೇ ‘ಹುಡುಗರಿಗೆ ಓದು ಹತ್ತುವುದಿಲ್ಲ, ಹುಡುಗಿಯರಿಗೆ ಯಂತ್ರ ಒಗ್ಗುವುದಿಲ್ಲ’ ಎಂದು ಷರಾ ಬರೆದುಬಿಡುವವರಿದ್ದಾರೆ. ನಾನು ಸುತರಾಂ ಒಪ್ಪುವುದಿಲ್ಲ. ಚಿಕ್ಕಂದಿನಿಂದ ಯಾವ ಕೈಗೆ ಏನು ಕೊಟ್ಟಿದ್ದೇವೆಯೋ ಆ ಕೈ ಅದರಲ್ಲಿ ಪಳಗಿದೆ, ಅಷ್ಟೆ.

ಹಾಗಾಗಿ ನನ್ನ ತರಗತಿಯಲ್ಲಿ ಸರದಿ ಕಡ್ಡಾಯ ಮಾಡಿದೆ. ಈ ಸಲ ಜೋಡಿಸಿದವರು ಮುಂದಿನ ಸಲ ಬರೆಯಬೇಕು. ಸರದಿ ಬಂದ ಹುಡುಗಿಯೊಬ್ಬಳು ಅಮ್ಮೀಟರನ್ನು ತಿರುವುಮುರುವಾಗಿ ಜೋಡಿಸಿದ್ದಳು. ಸ್ವಿಚ್ ಒತ್ತಿದೊಡನೆ ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಹೋಯಿತು. ಪಕ್ಕದ ಹುಡುಗ ‘ಕೊಡು ಇಲ್ಲಿ’ ಎಂದು ಕೈ ಚಾಚಿದ. ‘ನೀನು ಕೋಷ್ಟಕ ಹಾಕಪ್ಪ’ ಎಂದು ತಡೆದೆ. ಅವಳು ಬ್ಯಾಟರಿಯಿಂದ ತಂತಿಯ ಮೇಲೆ ಬೆರಳಾಡಿಸುತ್ತಾ ಬಂದು, ಧನ ಋಣ ತುದಿಗಳನ್ನು ಅದಲುಬದಲು ಮಾಡಿದಳು. ವೋಲ್ಟೇಜ್ ಅಳೆಯುವ ವೋಲ್ಟ್‌ಮೀಟರನ್ನು ಯಾರೂ ಹೇಳದೆಯೇ, ಸರಿಯಾಗಿ, ನೈಕ್ರೋಮ್ ತಂತಿಯ ಎರಡು ತುದಿಗಳಿಗೆ ಸಮಾಂತರವಾಗಿ ಜೋಡಿಸಿದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹುಡುಗರ ಕಷ್ಟ ಬರವಣಿಗೆಯಲ್ಲಿ. ಅಂಕಿಗಳ ಮುಂದೆ ಏಕಮಾನವಿಲ್ಲ, ತೀರ್ಮಾನ ಒಂದೇ ಸಾಲು. ಕಂಡದ್ದನ್ನು ಮೊದಲು ಜೊತೆಗಾರರಿಗೆ ಬಾಯಲ್ಲಿ ಹೇಳಿ, ಆಮೇಲೆ ಬರೆಯಿರಿ ಎಂದೆ. ‘ವೋಲ್ಟೇಜ್ ಹೆಚ್ಚಿದಷ್ಟೂ ಕರೆಂಟ್ ಹೆಚ್ಚಿತು, ಅದಕ್ಕೇ ಗ್ರಾಫ್ ನೆಟ್ಟಗೆ ಬಂತು’ ಎಂದು ಹೇಳಬಲ್ಲ ಹುಡುಗ ಅದನ್ನು ಬರೆಯಲೂ ಬಲ್ಲ.

ಪ್ರಶ್ನೆ ಕೇಳುವಾಗಲೂ ಅಷ್ಟೆ, ಎಲ್ಲರಿಗೂ ಸರದಿ ಸಿಗಬೇಕು. ಶಿಕ್ಷಕರು ಉತ್ತರಕ್ಕೆ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಹೆಚ್ಚು ಮಕ್ಕಳು ಬಾಯಿಬಿಡುತ್ತಾರೆ ಎಂಬುದನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಕೂಗಿ ಹೇಳಿದ ಉತ್ತರವನ್ನು ನಾನು ತೆಗೆದುಕೊಳ್ಳುವುದಿಲ್ಲ. ಮನಸ್ಸಿನಲ್ಲೇ ಮೂರು ಎಣಿಸಿ, ಚೀಟಿ ಎತ್ತಿ ಹೆಸರು ಕರೆಯುತ್ತೇನೆ. ಮೆಲುದನಿಯ ಹುಡುಗರಿಗೂ ಇದರಿಂದ ಬಾಯಿ ಬಂದಿದೆ.

ಅಮ್ಮೀಟರ್ ಎರಡೇ ಇರುವ ಕಡೆ ಎಲ್ಲರಿಗೂ ಸರದಿ ಸಿಗುವುದು ಕಷ್ಟ, ನಿಜ. ಅಂಥಲ್ಲಿ ಅರ್ಧ ತರಗತಿಗೆ ಓಮ್‌ನ ನಿಯಮ, ಉಳಿದರ್ಧಕ್ಕೆ ಮೊಳೆಗೆ ತಂತಿ ಸುತ್ತಿ ವಿದ್ಯುತ್ಕಾಂತ ಮಾಡುವ ಕೆಲಸ ಕೊಟ್ಟು, ಮುಂದಿನ ಅವಧಿಯಲ್ಲಿ ಬದಲಿಸಬಹುದು. ಮೊಳೆ, ತಂತಿ, ಬ್ಯಾಟರಿ ಯಾವ ಊರಿನಲ್ಲೂ ಸಿಗುತ್ತವೆ.